ದುಡಿಯುವ ಮೈಗೆ ಯೋಗ: ಹಿರೇವಡ್ಡಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಪರಿಶೀಲನೆ

ಯೋಗದ ಆರೋಗ್ಯ ಪ್ರಯೋಜನಗಳ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಕುರ್ಚಿಯಲ್ಲಿ ಕೂತು ದುಡಿಯುವ ನಗರವಾಸಿಗಾಗಿ ಬರೆದವು. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂಥ ಊರಿನವರ ಮೈ ಬೇರೆ ಬಗೆಯದು. ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವುದು, ಬಗ್ಗಿ ಉಳ್ಳಾಗಡ್ಡಿ ಕೀಳುವುದು, ಮೆಣಸಿನಕಾಯಿ ಬಿಡಿಸುವುದು, ತಲೆಯ ಮೇಲೆ ಹೊರೆ ಹೊತ್ತು ಮನೆಗೆ ಬರುವುದು ಇಲ್ಲಿಯ ದಿನಚರಿ. ‘ದಿನಾ ಹೊಲದಾಗ ದುಡಿಯೋರಿಗೆ ಯೋಗ ಯಾಕ ಬೇಕು?’ ಎಂಬ ಮಾತು ಈ ಸೀಮೆಯಲ್ಲಿ ಸಹಜವಾಗಿಯೇ ಬರುತ್ತದೆ. ಅದನ್ನು ತಿಳಿಯದವರ ಮಾತೆಂದು ತಳ್ಳಿಹಾಕಬಾರದು. ದುಡಿಮೆ ಮೈಗೆ ಕೊಡದಿರುವ ಏನನ್ನು ಯೋಗ ಕೊಡುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಈ ನೆಲಕ್ಕೆ ಯೋಗ ಹೊಸದಲ್ಲ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಕಟ್ಟಿದ ಶಿವಯೋಗಮಂದಿರದಿಂದ ಉತ್ತರ ಕರ್ನಾಟಕದ ಅನೇಕ ಮಠಗಳಿಗೆ ಸ್ವಾಮಿಗಳು ಬಂದರು. ಅದಕ್ಕೂ ಎಷ್ಟೋ ಮೊದಲು, ದೇಹವನ್ನು ವಜ್ರ ಮಾಡಿಕೊಂಡ ಗೋರಕ್ಷನಿಗೆ ಅಲ್ಲಮಪ್ರಭು ಎದುರಾದ ಪ್ರಸಂಗವನ್ನು ಶೂನ್ಯಸಂಪಾದನೆ ಹೇಳುತ್ತದೆ. ದೇಹಸಾಧನೆಯೇ ಯೋಗದ ಕೊನೆಯಲ್ಲ ಎಂಬ ಎಚ್ಚರ ಕನ್ನಡದಲ್ಲಿ ಅಷ್ಟು ಹಳೆಯದು. ಇಂದು ಜಗತ್ತು ಬಲ್ಲ ಆಸನಾಭ್ಯಾಸದ ಬೇರು ಮೈಸೂರಿನಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೆ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಪ್ರಕಟಿಸಿದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ರೋಗಗಳಲ್ಲೇ ಬಾಲ್ಯ ಕಳೆದ ಬಿ.ಕೆ.ಎಸ್. ಅಯ್ಯಂಗಾರ್ ಕೃಷ್ಣಮಾಚಾರ್ಯರ ಶಿಷ್ಯರು. 1936ರಲ್ಲಿ ಗುರುವಿನೊಡನೆ ಧಾರವಾಡಕ್ಕೆ ಬಂದಾಗ ಅಲ್ಲಿಯ ಹೆಣ್ಣುಮಕ್ಕಳಿಗೆ ಕಲಿಸುವ ಹೊಣೆ ಹದಿಹರೆಯದ ಈ ಹುಡುಗನ ಮೇಲೆ ಬಿತ್ತು. ಅಯ್ಯಂಗಾರರ ಬೋಧನೆ ಶುರುವಾದದ್ದು ನಮ್ಮ ಪಕ್ಕದ ಧಾರವಾಡದ ಹೆಂಗಸರ ನಡುವೆ ಎಂಬುದನ್ನು ಯೋಗದ ಚರಿತ್ರೆಕಾರರು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಇನ್ನು ಪುರಾವೆಗಳು. ರೈತಾಪಿ ಜನರಿಗೆ ಹತ್ತಿರದ ವಿಷಯ ನಡುನೋವು. ಬ್ರಿಟನ್ನಿನಲ್ಲಿ ದೀರ್ಘಕಾಲದ ನಡುನೋವಿದ್ದ 313 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರ ಯೋಗ ಕಲಿತವರು ಏಳುವ, ಬಗ್ಗುವ, ಓಡಾಡುವ ಕೆಲಸಗಳಲ್ಲಿ ಉಳಿದವರಿಗಿಂತ ಸುಧಾರಿಸಿದರು. ನೋವಿನ ಪ್ರಮಾಣದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಸಣ್ಣ ಲಾಭವಲ್ಲ. ಕೂಲಿಯವಳಿಗೆ ನೋವಿದ್ದರೂ ನಾಳೆ ಹೊಲಕ್ಕೆ ಹೋಗಬಲ್ಲೆನೇ ಎಂಬುದೇ ಮುಖ್ಯ. 2017ರಲ್ಲಿ ಅಮೆರಿಕದ ವೈದ್ಯರ ಕಾಲೇಜು ದೀರ್ಘಕಾಲದ ನಡುನೋವಿಗೆ ಗುಳಿಗೆಗೂ ಮೊದಲು ಪ್ರಯತ್ನಿಸಬಹುದಾದ ಕ್ರಮಗಳಲ್ಲಿ ಯೋಗವನ್ನೂ ಸೇರಿಸಿತು. ಕಾರಣ ಊಹಿಸುವುದು ಕಷ್ಟವಲ್ಲ. ಹೊಲದ ಕೆಲಸ ಬೆನ್ನನ್ನು ದಿನವಿಡೀ ಒಂದೇ ಕಡೆಗೆ ಬಗ್ಗಿಸುತ್ತದೆ. ಭುಜಂಗಾಸನ, ತಾಡಾಸನಗಳು ಅದನ್ನು ಹಿಂದಕ್ಕೆ, ಮೇಲಕ್ಕೆ ಒಯ್ಯುತ್ತವೆ. ದುಡಿಮೆ ಬಳಸದೆ ಬಿಟ್ಟ ಸ್ನಾಯುಗಳನ್ನು ಅಭ್ಯಾಸ ಬಳಸುತ್ತದೆ.

ಉಸಿರಾಟದ ವಿಷಯದಲ್ಲಿ ಹೆಸರಿಸಲೇಬೇಕಾದ ಕೆಲಸ ಬೆಂಗಳೂರಿನದು. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ 53 ಅಸ್ತಮಾ ರೋಗಿಗಳಿಗೆ ಯೋಗ ಕಲಿಸಿ, ಅವರನ್ನು ಅಷ್ಟೇ ಸಂಖ್ಯೆಯ ಇತರ ರೋಗಿಗಳೊಂದಿಗೆ ಹೋಲಿಸಿ, ಫಲವನ್ನು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಭ್ಯಾಸ ಮಾಡಿದವರಲ್ಲಿ ದಮ್ಮು ಬರುವುದೂ ಔಷಧದ ಬಳಕೆಯೂ ಕಡಿಮೆಯಾಗಿತ್ತು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯಲ್ಲೂ ಯೋಗ ನೆರವಾಗುತ್ತದೆ, ಆದರೆ ಔಷಧದ ಜೊತೆಗೆ. ಯೋಗ ಶುರುಮಾಡಿದೆನೆಂದು ಗುಳಿಗೆ ಬಿಡುವುದು ಅಪಾಯ.

ಮನಸ್ಸಿನ ಆರೋಗ್ಯದ ಬಗ್ಗೆ ನಿಮ್ಹಾನ್ಸ್ ಮಾಡಿರುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಅದರ ಪ್ರಾಮಾಣಿಕತೆ. 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್ ಔಷಧ, ಇನ್ನೊಂದಕ್ಕೆ ಲಯಬದ್ಧ ಉಸಿರಾಟದ ಸುದರ್ಶನ ಕ್ರಿಯೆ ಕೊಟ್ಟರು. ನಾಲ್ಕು ವಾರಗಳ ಬಳಿಕ ಗುಣಮುಖರಾದವರು ಕ್ರಮವಾಗಿ ಶೇ. 93, 73 ಮತ್ತು 67. ಉಸಿರಾಟದ ಅಭ್ಯಾಸ ಔಷಧದ ಸಮೀಪಕ್ಕೆ ಬಂತು, ವಿದ್ಯುತ್ ಚಿಕಿತ್ಸೆಯ ಮಟ್ಟ ಮುಟ್ಟಲಿಲ್ಲ. ಎರಡನ್ನೂ ಸಂಶೋಧಕರು ಮುಚ್ಚಿಡದೆ ಬರೆದರು. ಗುಂಪುಗಳು ಚಿಕ್ಕವು ಎಂಬುದನ್ನು ಓದುಗರೂ ಮರೆಯಬಾರದು. 2007ರ ಇನ್ನೊಂದು ಅಧ್ಯಯನದಲ್ಲಿ, ಔಷಧ ಮುಂದುವರಿಸಿದ್ದ 61 ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಯೋಗ ಮಾಡಿದವರು ಬರಿಯ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ನಮ್ಮ ಪ್ರಶ್ನೆಗೆ ಇದು ನೇರ ಉತ್ತರ: ಮೈ ದಣಿಸುವುದರಿಂದಷ್ಟೇ ಈ ಫಲ ಬರುವುದಿಲ್ಲ. ನಿಮಿಷಕ್ಕೆ ಆರರಷ್ಟಕ್ಕೆ ಇಳಿದ ಉಸಿರು ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ತಣಿಸುತ್ತದೆ. ಗಮನ ಉಸಿರಿನ ಮೇಲೆ ನಿಂತಷ್ಟು ಹೊತ್ತು ಚಿಂತೆಯ ಸುತ್ತು ಕಡಿಯುತ್ತದೆ. ಹೊರೆ ಹೊತ್ತು ಏದುಸಿರು ಬಿಡುವಾಗ ಇದು ಆಗುವುದಿಲ್ಲ.

ಮಳೆ ಕೈಕೊಟ್ಟ ವರ್ಷ ಸಾಲಗಾರನ ನಿದ್ದೆ ಹಾರಿಹೋಗುವುದಕ್ಕೆ ಪ್ರಾಣಾಯಾಮವೊಂದೇ ಮದ್ದಲ್ಲ. ಯೋಗದಿಂದ ಸಾಲ ತೀರುವುದಿಲ್ಲ. ಆದರೆ ಅಂಥವನನ್ನು ಗುರುತಿಸಿ ವೈದ್ಯರ ಬಳಿ ಕಳಿಸುವ ಒಂದು ತಾಣವಾಗಿ ಊರಿನ ಯೋಗ ತರಗತಿ ಕೆಲಸ ಮಾಡಬಹುದು. 1980ರ ದಶಕದಲ್ಲಿ ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಇಂಥದೇ ದಾರಿ ತೋರಿಸಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದ.

ಕಲಿಸುವ ಕ್ರಮದಲ್ಲೂ ಬದಲಾವಣೆ ಬೇಕು. ನಸುಕಿನ ತರಗತಿ ಹೆಣ್ಣುಮಕ್ಕಳನ್ನು ಹೊರಗಿಡುತ್ತದೆ. ಆ ಹೊತ್ತಿಗೆ ನೀರು ತುಂಬಬೇಕು, ರೊಟ್ಟಿ ಬಡಿಯಬೇಕು, ಬುತ್ತಿ ಕಟ್ಟಬೇಕು. ಹೊಲದಿಂದ ಬಂದ ಮೇಲೆ, ಊಟಕ್ಕೆ ಮೊದಲು, ಓಣಿಯ ಗುಡಿಯಂಗಳದಲ್ಲಿ ಅರ್ಧ ತಾಸು ಸಾಕು. ರಕ್ತದೊತ್ತಡ ಅಥವಾ ಗ್ಲಾಕೋಮಾ ಇರುವವರಿಗೆ ಶೀರ್ಷಾಸನ ಹೇಳಿಕೊಡಕೂಡದು. ಬಸುರಿಯರಿಗೆ ವೈದ್ಯರ ಸಲಹೆ ಇಲ್ಲದೆ ಏನನ್ನೂ ಹೇಳಿಕೊಡಕೂಡದು.

ವಿಶ್ವಸಂಸ್ಥೆ 2014ರ ಡಿಸೆಂಬರ್ 11ರಂದು ಒಪ್ಪಿದ ಜೂನ್ 21ರ ಯೋಗ ದಿನ ಶಾಲೆಯ ಮೈದಾನ ತುಂಬಿಸುತ್ತದೆ. ಆದರೆ ಮೇಲಿನ ಪ್ರಯೋಗಗಳ ಫಲವೆಲ್ಲ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದೆ ಮಾಡಿದ ಅಭ್ಯಾಸದ್ದು. ಗದಗಿನಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಆಯುರ್ವೇದ ಕಾಲೇಜೂ ಇದೆ. ಈ ಸಂಸ್ಥೆಗಳು ಒಟ್ಟುಗೂಡಿ ಹಿರೇವಡ್ಡಟ್ಟಿ ಮತ್ತು ಸುತ್ತಲಿನ ಹಳ್ಳಿಗಳ ಕೃಷಿ ಕಾರ್ಮಿಕರಲ್ಲಿ, ಒಂದು ಬಿತ್ತನೆಯಿಂದ ಮುಂದಿನ ಬಿತ್ತನೆಯವರೆಗೆ, ನಡುನೋವು, ನಿದ್ದೆ ಮತ್ತು ಮನೋವೇದನೆಯನ್ನು ಅಳೆಯುವ ನಿಯಂತ್ರಿತ ಅಧ್ಯಯನವನ್ನು ಕೈಗೆತ್ತಿಕೊಳ್ಳಬೇಕು.