ಬೇಸ್ ಗಿಟಾರ್‌ಗೆ ಎರಡು ಬ್ಯಾಟರಿ ಹಾಕಿದರೆ ಸೌಂಡ್ ಡಬಲ್ ಆಗುತ್ತಾ?

"ಬೇಸ್ ಗಿಟಾರ್ ಒಳಗೆ ಒಂದರ ಬದಲು ಎರಡು 9 ವೋಲ್ಟ್ ಬ್ಯಾಟರಿ ಹಾಕಿ, ಸೌಂಡ್ ಡಬಲ್! ಬ್ಯಾಟರಿ ಇಲ್ಲದ ಗಿಟಾರ್ ವೇಸ್ಟ್!" ಇಂಥದ್ದೊಂದು ವಿಡಿಯೊವನ್ನು ಗಣಪತಿ ಹಬ್ಬಕ್ಕೆ ಮುಂಚೆ ನನ್ನ ಚಿಕ್ಕಪ್ಪನ ಮಗ ಫಾರ್ವರ್ಡ್ ಮಾಡಿದ. ದಂಡಿನಶಿವರದಲ್ಲಿ ತೋಟ ನೋಡಿಕೊಂಡು, ಹಬ್ಬದ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವ ಹುಡುಗ ಅವನು. "ಅಕ್ಕ, ಇದು ನಿಜಾನಾ? ನಿಜ ಆದ್ರೆ ಕೊಬ್ಬರಿ ದುಡ್ಡು ಬಂದ ತಕ್ಷಣ ಒಂದು ಪ್ರೀಆಂಪ್ ತರಿಸ್ತೀನಿ" ಅಂತ ಜೊತೆಗೊಂದು ವಾಯ್ಸ್ ಮೆಸೇಜ್.

ಹೆಸರಾಂತ ಅಮೆರಿಕನ್ ಪ್ರೀಆಂಪ್‌ಗಳ ಬೆಲೆ 200 ಡಾಲರ್ ದಾಟುತ್ತದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಅಂದರೆ ಒಂದು ಕ್ವಿಂಟಾಲಿಗೂ ಹೆಚ್ಚು ಕೊಬ್ಬರಿಯ ದುಡ್ಡು ಅಂಗೈಯಲ್ಲಿ ಹಿಡಿಯುವ ಒಂದು ಸರ್ಕ್ಯೂಟಿಗೆ ಹೋಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಈ ಪ್ರೀಆಂಪ್ ಏನು ಅಂತ. ಬೇಸ್ ಗಿಟಾರ್‌ನ ತಂತಿಯ ಕೆಳಗೆ ಪಿಕಪ್ ಇರುತ್ತದೆ: ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅದುರಿದಾಗ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಈ ದುರ್ಬಲ ಸಂಕೇತ ಉದ್ದದ ಕೇಬಲ್‌ನಲ್ಲಿ ಸಾಗುವಾಗ ಟ್ರೆಬಲ್ ಸ್ವಲ್ಪ ಸೋರಿಹೋಗುತ್ತದೆ. ಗಿಟಾರ್ ಒಳಗೇ ಬ್ಯಾಟರಿಯಿಂದ ಓಡುವ ಪುಟ್ಟ ಸರ್ಕ್ಯೂಟ್ ಇಟ್ಟರೆ ಸಂಕೇತ ಗಟ್ಟಿಯಾಗಿ ಹೊರಡುತ್ತದೆ, ಬೇಸ್, ಟ್ರೆಬಲ್ ಏರಿಸಲೂ ಬರುತ್ತದೆ. ಅದೇ ಪ್ರೀಆಂಪ್. ಅದು ಇದ್ದರೆ ಆಕ್ಟಿವ್, ಇಲ್ಲದಿದ್ದರೆ ಪ್ಯಾಸಿವ್. ಪ್ಯಾಸಿವ್‌ನ ಟೋನ್ ಗುಂಡಿ ಟ್ರೆಬಲ್ ಕಡಿಮೆ ಮಾಡಬಲ್ಲದು ಅಷ್ಟೇ.

ಈಗ 18 ವೋಲ್ಟ್ ವಿಚಾರ. ಎರಡು ಬ್ಯಾಟರಿಯಿಂದ ಸದ್ದು ಡಬಲ್ ಆಗುವುದಿಲ್ಲ. ಸದ್ದು ಎಷ್ಟು ಏರಬೇಕು ಅನ್ನುವುದನ್ನು ಸರ್ಕ್ಯೂಟ್ ತೀರ್ಮಾನಿಸುತ್ತದೆ, ಬ್ಯಾಟರಿಯಲ್ಲ. ಬ್ಯಾಟರಿ ಇಲ್ಲಿ ಮನೆಯ ಚಾವಣಿ ಇದ್ದ ಹಾಗೆ. ಚಾವಣಿ ಎತ್ತರಿಸಿದರೆ ಒಳಗಿರುವವನು ಉದ್ದವಾಗುವುದಿಲ್ಲ, ಎಗರಿದಾಗ ತಲೆ ತಾಗುವುದಿಲ್ಲ ಅಷ್ಟೇ. ತುಂಬಾ ಜೋರಾಗಿ ಬಾರಿಸಿ, ಬೇಸ್ ಗುಂಡಿಯನ್ನೂ ಪೂರ್ತಿ ತಿರುಗಿಸುವವರಿಗೆ ಸದ್ದು ಒಡೆಯುವ ಮುಂಚೆ 6 ಡೆಸಿಬಲ್‌ನಷ್ಟು ಹೆಚ್ಚು ಜಾಗ ಸಿಗುತ್ತದೆ. ಇನ್ನೊಂದು ಅಪಾಯವೂ ಇದೆ: ಕೆಲವು ಪ್ರೀಆಂಪ್‌ಗಳ ಚಿಪ್ 16 ವೋಲ್ಟ್‌ಗಿಂತ ಹೆಚ್ಚು ತಡೆಯುವುದಿಲ್ಲ. ಕಂಪನಿಯ ಕೈಪಿಡಿ ನೋಡದೆ ಎರಡು ಬ್ಯಾಟರಿ ಜೋಡಿಸಿದರೆ ಸುಟ್ಟುಹೋಗಬಹುದು.

ಪ್ಯಾಸಿವ್ ವೇಸ್ಟ್ ಅನ್ನುವವರಿಗೆ ಒಂದೇ ಹೆಸರು ಸಾಕು: ಜೇಮ್ಸ್ ಜೇಮರ್ಸನ್. ಅಮೆರಿಕದ ಮೋಟೌನ್ ಕಂಪನಿಯ ಹಿಟ್ ಹಾಡುಗಳಲ್ಲಿ ಅವರು ನುಡಿಸಿದ್ದು ಬ್ಯಾಟರಿಯೇ ಇಲ್ಲದ ಫೆಂಡರ್ ಪ್ರಿಸಿಷನ್ ಬೇಸ್. ಆ ಮಾದರಿ ಬಂದದ್ದು 1951ರಲ್ಲಿ, ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ.

ಹಾಗಾದರೆ ಪ್ರೀಆಂಪ್‌ಗಳ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ, ಮತ್ತು ಅದು ವೋಲ್ಟ್‌ಗಿಂತ ಮುಖ್ಯ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಲ್ಲಿ ಬೇಸ್, ಟ್ರೆಬಲ್ ಎರಡೇ ಗುಂಡಿ. ಸಡೌಸ್ಕಿ ಪ್ರೀಆಂಪ್ ಏರಿಸುತ್ತದೆ, ಇಳಿಸುವುದಿಲ್ಲ. ಆಗ್ವಿಲಾರ್ ಓಬಿಪಿ-3ರಲ್ಲಿ ಮಿಡ್ ಗುಂಡಿಯೂ ಇದೆ, 400 ಅಥವಾ 800 ಹರ್ಟ್ಜ್ ಆರಿಸಿಕೊಳ್ಳಬಹುದು. ನಮ್ಮ ಕಡೆಯ ಪೆಂಡಾಲಿಗೆ ಈ ಮಿಡ್ಡೇ ಕೆಲಸಕ್ಕೆ ಬರುವುದು. ಬೇಸ್‌ನ ದಪ್ಪ ಇ ತಂತಿ 41 ಹರ್ಟ್ಜ್ ಸುಮಾರಿಗೆ ಅದುರುತ್ತದೆ. ಆ ಕೆಳಗಿನ ಜಾಗದಲ್ಲಿ ಡ್ರಮ್ಸ್‌ನ ಕಿಕ್ ಮೊದಲೇ ಕೂತಿರುತ್ತದೆ. ಅಲ್ಲಿ 10 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ಅಷ್ಟು ಭಾಗಕ್ಕೆ ಹತ್ತು ಪಟ್ಟು ಪವರ್ ಕೊಡಬೇಕು. ಬಾಡಿಗೆ ಬಾಕ್ಸ್ ಗೊರಗೊರ ಅನ್ನುತ್ತದೆ, ಸ್ವರ ಯಾವುದೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಮಿಡ್ ಸ್ವಲ್ಪ ಏರಿಸಿದರೆ ಹಿಂದಿನ ಸಾಲಿನವರಿಗೂ ಬೇಸ್ ಬಿಡಿಬಿಡಿಯಾಗಿ ಕೇಳುತ್ತದೆ. ಇಷ್ಟನ್ನು ಮಿಕ್ಸರ್‌ನಲ್ಲೇ, ಪುಕ್ಕಟೆ ಮಾಡಬಹುದು!

ನಾನು ನೋಡುವ ಇನ್ನೊಂದು ಅಂಶ, ಬ್ಯಾಟರಿ ಸತ್ತರೆ ಪ್ಯಾಸಿವ್‌ಗೆ ಬದಲಿಸುವ ಸ್ವಿಚ್. ಸ್ಟಿಂಗ್‌ರೇಯಲ್ಲಿ ಅದಿಲ್ಲ. ಹಾಡಿನ ಮಧ್ಯೆ ಬ್ಯಾಟರಿ ಮುಗಿದರೆ ಸದ್ದು ಮೊದಲು ಒಡೆದು ಆಮೇಲೆ ನಿಂತೇಹೋಗುತ್ತದೆ. ಕೇಬಲ್ ಚುಚ್ಚಿದ್ದಷ್ಟು ಹೊತ್ತೂ ಬ್ಯಾಟರಿ ಓಡುತ್ತಲೇ ಇರುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. 1 ಮಿಲಿಆಂಪ್ ಎಳೆಯುವ ಪ್ರೀಆಂಪ್ ಒಳ್ಳೆಯ ಬ್ಯಾಟರಿಯಲ್ಲಿ ಸುಮಾರು 500 ಗಂಟೆ ನಡೆಯುತ್ತದೆ. ಕೇಬಲ್ ಕೀಳದೆ ಗಿಟಾರನ್ನು ಮೂಲೆಯಲ್ಲಿ ನಿಲ್ಲಿಸಿದರೆ ಮೂರು ವಾರಕ್ಕೇ ಖಾಲಿ.

ಅದಿರಲಿ, ಆ ವಿಡಿಯೊದಲ್ಲಿ ವ್ಯತ್ಯಾಸ ಕೇಳಿಸಿತಲ್ಲ? ಫೋನಿನ ಸ್ಪೀಕರ್ 41 ಹರ್ಟ್ಜ್ ಹೊರಡಿಸಲಾರದು. ಅದರ ಮೇಲಿನ 82, 123, 164 ಹರ್ಟ್ಜ್‌ಗಳೂ ಅದರಲ್ಲಿ ತೀರಾ ಕ್ಷೀಣ. ಇನ್ನೂ ಮೇಲಿನವನ್ನು ಹಿಡಿದು ಮಿದುಳು ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. 1981ರ ಶಂಕರ್‌ನಾಗ್ ಚಿತ್ರ 'ಗೀತಾ'ದ ಹಾಡುಗಳನ್ನು, ಇಳಯರಾಜಾ ಸಂಗೀತದವು, ಒಮ್ಮೆ ಫೋನಿನಲ್ಲೂ ಒಮ್ಮೆ ಹೆಡ್‌ಫೋನಿನಲ್ಲೂ ಕೇಳಿ ನೋಡಿ. ಜೊತೆಗೆ, ಎರಡು ಸದ್ದಿನಲ್ಲಿ ಕೊಂಚ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಸದ್ದು ಏರಿದಂತೆ ಬೇಸ್ ಇನ್ನೂ ತುಂಬಿ ಕೇಳುತ್ತದೆ ಎಂದು ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಎರಡೂ ಸದ್ದನ್ನು ಒಂದೇ ಮಟ್ಟಕ್ಕೆ ತರದ ಹೋಲಿಕೆ ಹೋಲಿಕೆಯೇ ಅಲ್ಲ.

ತಮ್ಮನ ಗಿಟಾರ್ ನೋಡಿದಾಗ ತಂತಿ ತುಕ್ಕು ಹಿಡಿದಿತ್ತು. ಆದರೆ ನನಗೆ ಹೆದರಿಕೆಯಾದದ್ದು ಬೇರೆ ಮಾತಿಗೆ. "ಮೈಕ್ ತಾಗಿದಾಗ ತುಟಿಗೆ ಚುರ್ ಅನ್ನುತ್ತೆ, ಬ್ಯಾಟರಿ ಶಾಕ್ ಇರ್ಬೇಕು" ಅಂದ. 9 ವೋಲ್ಟ್ ಬ್ಯಾಟರಿ ಹಾಗೆ ಶಾಕ್ ಹೊಡೆಯುವುದಿಲ್ಲ. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಆಂಪ್‌ನ ಅರ್ಥಿಂಗ್ ತಪ್ಪಿದ್ದರೆ ಆ ಕರೆಂಟ್ ನೇರ ಬೆರಳಿಗೆ, ಅಲ್ಲಿಂದ ಮೈಕಿಗೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತರು. ಪ್ರೀಆಂಪ್ ಬದಲಿಸಿದರೆ ಇದು ಸರಿಯಾಗದು. ಮೂರನೇ ಪಿನ್ ಮುರಿದ ಪ್ಲಗ್ ಬಳಸಬಾರದು, ಜನರೇಟರ್‌ಗೂ ಅರ್ಥಿಂಗ್ ಬೇಕು, ಲೈನಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಬೇಕು. ಹಾಡುವ ಮುಂಚೆ ಎಲೆಕ್ಟ್ರಿಷಿಯನ್ ತಂತಿ ಮತ್ತು ಮೈಕ್ ನಡುವೆ ಮಲ್ಟಿಮೀಟರ್ ಹಿಡಿದು ನೋಡಲಿ, ಸೊನ್ನೆಯ ಹತ್ತಿರ ತೋರಿಸಬೇಕು.

ಅವನ ಆಂಪ್‌ನ ಪ್ಲಗ್‌ನಲ್ಲಿ ಮೂರನೇ ಪಿನ್ ಇರಲಿಲ್ಲ. ಪ್ಲಗ್ ಮತ್ತು ತಂತಿ ಎರಡೂ ಹೊಸದು ಹಾಕಿಸಿದ್ದಾನೆ. ಕೊಬ್ಬರಿ ಇನ್ನೂ ಅಟ್ಟದ ಮೇಲೇ ಇದೆ.