ಹಳಿಯ ಒಳಗಿನ ಬಿರುಕು

ಶ್ರವಣಬೆಳಗೊಳಕ್ಕೆ ಹೋದಾಗಲೆಲ್ಲ ಪಕ್ಕದ ಜಿನನಾಥಪುರಕ್ಕೂ ಹೋಗಿ ಶಾಂತಿನಾಥ ಬಸದಿಯ ಹೊರಗೋಡೆ ಮುಂದೆ ಸ್ವಲ್ಪ ಹೊತ್ತು ನಿಂತುಬಿಡ್ತೀನಿ. ಸುಮಾರು 1200ರಲ್ಲಿ ದಂಡನಾಯಕ ರೇಚಣ ಕಟ್ಟಿಸಿದ್ದು. ಉಳಿ ಇಡುವ ಮೊದಲು ಕಲ್ಲನ್ನು ತಟ್ಟಿ ನಾದ ಕೇಳಬೇಕು ಅನ್ನುತ್ತೆ ನಮ್ಮ ಶಿಲ್ಪಶಾಸ್ತ್ರ. ಗಂಟೆಯಂಥ ದನಿ ಬಂದರೆ ಒಳ್ಳೇ ಕಲ್ಲು. ಮಂಕಾದರೆ ಬೇಡ.

ಇದೇ ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದು 2017ರ ಮಾರ್ಚ್‌ನಿಂದ ಬೆಂಗಳೂರು–ಹಾಸನ ರೈಲು ಓಡ್ತಿದೆ. ಅದರ ಹಳಿಗೂ ಬೇಕಾದದ್ದು ಇದೇ ಪರೀಕ್ಷೆ. ಸುತ್ತಿಗೆ ಹಿಡಿದ ಕೀಮನ್ ಕಣ್ಣಿಗೆ ಬೀಳೋದನ್ನು ಹಿಡೀತಾನೆ. ಉಕ್ಕಿನ ಹೊಟ್ಟೆಯಲ್ಲಿರೋದನ್ನು?

1911ರ ಆಗಸ್ಟ್ 25. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಊರಲ್ಲಿ ಹಳಿ ಮುರಿದು ಬೋಗಿಗಳು ಸೇತುವೆಯಿಂದ ಬಿದ್ದವು, 29 ಜನ ಸತ್ತರು. ತನಿಖೆಯಲ್ಲಿ ಸಿಕ್ಕಿದ್ದು ಹಳಿಯ ತಲೆಯೊಳಗೆ ಅಡ್ಡಡ್ಡ ಬೆಳೆದಿದ್ದ ಬಿರುಕು. ಅಲ್ಲಿಂದ ಹುಡುಕಾಟ ಶುರು. 1928ರಲ್ಲಿ ಎಲ್ಮರ್ ಸ್ಪೆರಿಯ ತಪಾಸಣೆ ಗಾಡಿ ಬಂತು, ಅದು ವಿದ್ಯುತ್ತು-ಕಾಂತದ ವಿದ್ಯೆ. 1940ರ ದಶಕದಲ್ಲಿ ಮಿಷಿಗನ್‌ನ ಫೈರ್‌ಸ್ಟೋನ್ ಕಿವಿಗೆ ಕೇಳಿಸದ ಶಬ್ದವನ್ನೇ ಲೋಹದೊಳಗೆ ಬಿಟ್ಟು ಪ್ರತಿಧ್ವನಿ ಓದಿದರು.

ನಮ್ಮಲ್ಲೂ ಈಗ ಟ್ರಾಲಿ ತಳ್ಳುತ್ತಾ, ಹಳಿ ಮೇಲೆ ನೀರು ಬಿಡುತ್ತಾ ಇದೇ ಕೆಲಸ ನಡೆಯುತ್ತೆ. ಒಂದು ಪ್ರೋಬ್ ಶಬ್ದವನ್ನು ನೇರ ಕೆಳಗೆ ಕಳಿಸುತ್ತೆ, ಇನ್ನೊಂದು 70 ಡಿಗ್ರಿ ಓರೆಯಾಗಿ. ಹಳಿಯ ಬುಡದಿಂದ ಬರಬೇಕಾದ ಪ್ರತಿಧ್ವನಿ ಬರಲಿಲ್ಲವೋ, ಮಧ್ಯೆ ಏನೋ ಇದೆ. ಅದು ಬಿರುಕೋ, ಮೇಲಿನ ಕೊಳೆಯೋ, ನೀರು ಸಾಲದೇ ಹೋಯಿತೋ? ತೀರ್ಮಾನ ಆ ನೆತ್ತಿ ಸುಡೋ ಬಿಸಿಲಲ್ಲಿ ನಿಂತವನದು! ಗಂಭೀರ ದೋಷಕ್ಕೆ ಕೆಂಪು ಬಣ್ಣದ ಮೂರು ಅಡ್ಡಗೆರೆ, ಮೂರು ದಿನದೊಳಗೆ ಹಳಿ ಬದಲು.

ಇಲ್ಲೇ ಒಂದು ಮೋಸ ಇದೆ, ನೋಡಿ. ಹಳಿಯ ಮೇಲ್ಮೈ ಚಕ್ಕೆ ಎದ್ದಿದ್ದರೆ ಶಬ್ದ ಅಲ್ಲೇ ತಿರುಗಿಬಿಡುತ್ತೆ. ಚಿಕ್ಕ ಗಾಯ ದೊಡ್ಡ ಗಾಯಕ್ಕೆ ಮರೆ. ಅದಕ್ಕೇ ಹಳಿಯನ್ನು ಉಜ್ಜಿ ನಯ ಮಾಡಬೇಕು. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ನಾಲ್ವರು ಸತ್ತಾಗ ಹಳಿ 300ಕ್ಕೂ ಹೆಚ್ಚು ಚೂರಾಗಿತ್ತು. ಆ ಹಳಿಯಲ್ಲಿ ಬಿರುಕಿದೆ ಅಂತ ಮೊದಲೇ ಗೊತ್ತಿತ್ತು, ಬದಲಿಸಿರಲಿಲ್ಲ.

ಅಪಘಾತದ ರಾತ್ರಿ ಸ್ಟುಡಿಯೋದಲ್ಲಿ ಕೂತು ಚಾಲಕ ನಿದ್ದೆ ಮಾಡಿದ್ನಾ ಅಂತ ಕೂಗಿದವರಲ್ಲಿ ನಾನೂ ಒಬ್ಬ. ಈಗ ವರದಿಗಾರನಿಗೆ ಮೊದಲು ಕೇಳೋದು ಬೇರೆ: ಆ ಜಾಗದಲ್ಲಿ ಕೊನೆಯ ತಪಾಸಣೆ ಯಾವತ್ತು ಆಗಿತ್ತು? ಹಳಿ ಮೇಲೆ ಕೆಂಪು ಗುರುತು ಇತ್ತಾ?