ಗಾವ್‌ದೇವಿ ಗುಡ್ಡೆಯ ಕಲ್ಲು

ಅಂಧೇರಿ ಪಶ್ಚಿಮದಲ್ಲಿ ಕಟ್ಟಡಗಳ ನಡುವೆ ಸಿಕ್ಕಿಕೊಂಡು ನಿಂತಿರುವ ಗಿಲ್ಬರ್ಟ್ ಹಿಲ್ ಅನ್ನು ನಮ್ಮಪ್ಪ 'ಗಾವ್‌ದೇವಿ ಗುಡ್ಡೆ' ಎನ್ನುತ್ತಿದ್ದರು. ಮಲ್ಪೆಯಿಂದ ಬಂದು ಇಲ್ಲಿನ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ನವರಾತ್ರಿಗೆ ಬಂಡೆಯಲ್ಲೇ ಕೊರೆದ ಮೆಟ್ಟಿಲು ಹತ್ತಿಸಿ ನನ್ನನ್ನು ತುದಿಯ ಗುಡಿಗೆ ಕರೆದೊಯ್ಯುತ್ತಿದ್ದರು. ಸುಮಾರು 200 ಅಡಿ ಎತ್ತರ. ಮೈಯೆಲ್ಲ ಒತ್ತೊತ್ತಾಗಿ ನಿಲ್ಲಿಸಿದ ಕಪ್ಪು ಕಂಬಗಳು.

"ಇದು ನಮ್ಮ ತೋನ್ಸೆಪಾರಿನ ಕಲ್ಲೇ ಅಲ್ವಾ?" ಎಂದು ಒಮ್ಮೆ ಕೇಳಿದರು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಊರವರ ಹೆಸರದು. ಅಲ್ಲಿಯೂ ಇಂಥದೇ ಕಂಬಗಳು. ಎಂಟನೇ ಕ್ಲಾಸಿನಲ್ಲಿದ್ದ ನಾನು ಗತ್ತಿನಿಂದ, "ಹೌದಪ್ಪ, ಎರಡೂ ಒಂದೇ ಜ್ವಾಲಾಮುಖಿಯದ್ದು" ಎಂದೆ. ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಗಿರಾಕಿಗಳಿಗೆಲ್ಲ ಅದನ್ನೇ ಹೇಳತೊಡಗಿದರು. "ಹಾಗಾದ್ರೆ ನಾವು ದೂರವೇನೂ ಬಂದಿಲ್ಲ ಮಗಾ."

ನಾನು ಹೇಳಿದ್ದು ತಪ್ಪು. ಅದು ತಿಳಿಯಲು ಹತ್ತು ವರ್ಷ ಬೇಕಾಯಿತು.

ನನ್ನಂತೆ ತಪ್ಪಿದವರಲ್ಲಿ ದೊಡ್ಡವರೂ ಇದ್ದರು. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ವರ್ನರ್, ಈ ಕಪ್ಪು ಬಸಾಲ್ಟ್ ಕಲ್ಲು ಸಮುದ್ರದ ನೀರಿನಿಂದ ಕೆಳಗಿಳಿದು ಗಟ್ಟಿಯಾದದ್ದು ಎಂದು ಕಲಿಸುತ್ತಿದ್ದ. ಯುರೋಪಿನ ತುಂಬ ಅವನ ಶಿಷ್ಯರು. ಅದಕ್ಕೆ ಮೊದಲೇ, 1763ರಲ್ಲಿ, ಫ್ರಾನ್ಸಿನ ಓವರ್ನ್ಯ್ ಸೀಮೆಯಲ್ಲಿ ಅಲೆದಾಡಿದ ದೆಮಾರೆ ಎಂಬಾತ, ಕಂಬಗಲ್ಲುಗಳ ಜಾಡು ಹಿಡಿದರೆ ಅದು ಹಳೆಯ ಲಾವಾ ಹರಿವಿಗೇ ಹೋಗಿ ಮುಟ್ಟುತ್ತದೆ ಎಂದು ಕಂಡುಕೊಂಡಿದ್ದ. ಕಂಬಗಳನ್ನು ಯಾರೂ ಕಡಿದದ್ದಲ್ಲ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವಂತೆ ಲಾವಾ ತಣಿಯುತ್ತ ಕುಗ್ಗುತ್ತದೆ. ಬಿರುಕು ಮೇಲ್ಮೈಯಿಂದ ಆಳಕ್ಕಿಳಿದು ಐದು, ಆರು ಮುಖಗಳ ಕಂಬಗಳಾಗುತ್ತವೆ.

ಆದರೆ ಲಾವಾ ಮೇಲೆ ಬರುವುದೇಕೆ? ಭೂಮಿಯೊಳಗೆ ಕುದಿಯುವ ಸಮುದ್ರವಿದೆ ಎಂದುಕೊಂಡಿದ್ದೆ. ಇಲ್ಲ. ಅಲ್ಲಿನ ಬಂಡೆ ಬಹುಮಟ್ಟಿಗೆ ಗಟ್ಟಿಯೇ. ಅಷ್ಟು ಕಾವಿದ್ದರೂ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಬಿಸಿಬಂಡೆ ನಿಧಾನವಾಗಿ ಮೇಲೇರಿದಾಗ ಒತ್ತಡ ಇಳಿದು, ಸ್ವಲ್ಪ ಸ್ವಲ್ಪ ಕರಗುತ್ತದೆ. ಕರಗಿದ್ದು ಹಗುರ, ಇನ್ನೂ ಮೇಲೇರುತ್ತದೆ. ಅದರೊಳಗಿನ ಅನಿಲ, ಗೋಲಿ ಸೋಡಾದ ಗೋಲಿ ಒತ್ತಿದಾಗಿನಂತೆ, ಗುಳ್ಳೆಯಾಗಿ ನುಗ್ಗುತ್ತದೆ. ಲಾವಾ ಅಂಟಂಟಾಗಿದ್ದರೆ ಅನಿಲ ಸಿಕ್ಕಿಬಿದ್ದು ಸ್ಫೋಟ. ನೀರಾಗಿದ್ದರೆ ಅನಿಲ ಸುಲಭವಾಗಿ ಹೊರಟುಹೋಗಿ, ಲಾವಾ ಸುಮ್ಮನೆ ಹರಿಯುತ್ತದೆ.

ನಮ್ಮ ದಖ್ಖನ್ನಿನದು ಹೆಚ್ಚಾಗಿ ಎರಡನೆಯ ಬಗೆ. ಚಿತ್ರಪುಸ್ತಕದ ಶಂಕುವಿನಾಕಾರದ ಬೆಟ್ಟವನ್ನು ಇಲ್ಲಿ ಹುಡುಕಬೇಡಿ; ನೆಲದ ಉದ್ದುದ್ದ ಸೀಳುಗಳಿಂದ ಪ್ರವಾಹ ಬಂದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಪದರದ ಮೇಲೆ ಪದರ. ಇಂದಿಗೂ ಉಳಿದಿರುವುದು 5 ಲಕ್ಷ ಚದರ ಕಿ.ಮೀ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಎರೆಮಣ್ಣು ಈ ಕಲ್ಲು ಸವೆದು ಆದದ್ದೇ. ಗೋಲಗುಮ್ಮಟದ ಗೋಡೆಯೂ ಈ ಕಲ್ಲೇ.

ಎಲ್ಲ ಒಂದೇ ಉಸಿರಿಗೆ ಸುರಿದದ್ದೂ ಅಲ್ಲ. ನನಗೆ ಇಷ್ಟವಾದ ಸಾಕ್ಷಿ ವರ್ಲಿಯ ಕಪ್ಪೆಗಳು. ಅಲ್ಲಿ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ಪುಟಾಣಿ ಕಪ್ಪೆಗಳ ಅಸ್ಥಿಪಂಜರಗಳು ಸಿಕ್ಕವು. 1847ರಲ್ಲಿ ಲಂಡನ್ನಿನ ರಿಚರ್ಡ್ ಓವನ್ ಅವಕ್ಕೆ ಹೆಸರಿಟ್ಟ. ಒಂದು ಬೆಂಕಿಗೂ ಇನ್ನೊಂದಕ್ಕೂ ನಡುವೆ ನೀರು ನಿಂತು ಕಪ್ಪೆ ಸಂಸಾರ ಹೂಡುವಷ್ಟು ಬಿಡುವಿತ್ತು. ವರ್ಲಿಯಲ್ಲಿ ಅಷ್ಟು ನೆಮ್ಮದಿಯ ಮನೆ ಆಮೇಲೆ ಯಾರಿಗೂ ಸಿಕ್ಕಂತಿಲ್ಲ.

ಮುಂಬಯಿಯ ಕಲ್ಲುಗಳು ದಖ್ಖನ್ ಕಥೆಯ ಕೊನೆಯ ಅಧ್ಯಾಯದವು. ಆರು, ಆರೂವರೆ ಕೋಟಿ ವರ್ಷದವು. ಆ ಹೊತ್ತಿಗೆ ಸೆಶೆಲ್ಸ್ ನಮ್ಮಿಂದ ಬೇರ್ಪಡುತ್ತಿತ್ತು. ತೋನ್ಸೆಪಾರ್ ಅದಕ್ಕಿಂತ ಎರಡು ಕೋಟಿ ವರ್ಷಕ್ಕೂ ಹಿರಿಯದು, ಮಡಗಾಸ್ಕರ್ ಬಿಟ್ಟುಹೋದ ಕಾಲದ್ದು. ಕಲ್ಲೂ ಬೇರೆ: ಸಿಲಿಕಾ ಹೆಚ್ಚಿರುವ, ಅಂಟು ಲಾವಾದಿಂದಾದದ್ದು. ಬೆಂಕಿಯೂ ಬೇರೆ. ದಖ್ಖನ್ನಿನ ಒಲೆ ರಿಯೂನಿಯನ್ ದ್ವೀಪದಡಿ ಈಗಲೂ ಉರಿಯುತ್ತಿದೆ ಎಂಬುದು ಬಹುಪಾಲು ಭೂವಿಜ್ಞಾನಿಗಳ ಮತ. ಒಲೆ ಅಲ್ಲೇ ಉಳಿಯಿತು, ನಮ್ಮ ನೆಲ ಉತ್ತರಕ್ಕೆ ವಲಸೆ ಬಂತು.

ಇದನ್ನೆಲ್ಲ ಅಪ್ಪನಿಗೆ ಹೇಳಬೇಕೆಂದುಕೊಂಡೇ ಒಂದು ದಿನ ಹೋಟೆಲಿಗೆ ಹೋಗಿದ್ದೆ. ಆಗಷ್ಟೇ ಊರಿಂದ ಬಂದಿದ್ದ ಹುಡುಗನೊಬ್ಬ ಕಣ್ಣು ಕೆಂಪಗೆ ಮಾಡಿಕೊಂಡು ಲೋಟ ತೊಳೆಯುತ್ತಿದ್ದ. ಅಪ್ಪ ಅವನಿಗೆ ಗುಡ್ಡೆಯ ಕಥೆ ಹೇಳುತ್ತಿದ್ದರು: ಅದು ತೋನ್ಸೆಪಾರಿನ ಕಲ್ಲೇ ಮಾರಾಯ, ನನ್ನ ಮಗ ಓದಿದ್ದಾನೆ. ನಾನು ಚಹಾ ಕುಡಿದು ಮನೆಗೆ ಬಂದೆ. ಆಮೇಲೆ ಅಪ್ಪ ಕಾಯಿಲೆ ಬಿದ್ದರು.

ಗುಡ್ಡೆಯನ್ನು 1952ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದರಂತೆ. ಆದರೂ ಸುತ್ತಲೂ ಕಲ್ಲು ಒಡೆದರು, ಕಟ್ಟಡ ಕಟ್ಟಿದರು. 2007ರಲ್ಲಿ ಪಾಲಿಕೆ ಪಾರಂಪರಿಕ ತಾಣವೆಂದಿತು. ಅಷ್ಟರಲ್ಲಿ ಉಳಿದದ್ದು ಈ ಒಂದು ಕಂಬದಗೊಂಚಲು.

ಕಳೆದ ನವರಾತ್ರಿಗೆ ಮಗಳನ್ನು ಕರೆದುಕೊಂಡು ಹೋದೆ. ಮೆಟ್ಟಿಲ ಮೇಲೆ ಕೂತು ಎರಡು ಬೆಂಕಿಗಳ ಲೆಕ್ಕ ಒಪ್ಪಿಸಿದೆ. "ಅಜ್ಜನಿಗೆ ಗೊತ್ತಿತ್ತಾ?" ಎಂದಳು. ಇಲ್ಲ, ನಾನು ಹೇಳಲೇ ಇಲ್ಲ ಎಂದೆ.